ಬೆಟ್ಟದ ಮೀಸೆಯಪ್ಪ

ಮೈಸೂರು
ಕಾರ್ತಿಕ ಮಾಸದ ಭಾನುವಾರ, ರಾತ್ರಿ

ಪ್ರೀತಿಯ ಗುಂಡ,

ಚಾಮುಂಡಿ ಬೆಟ್ಟದ ಆ ಹಳೇ ಫೋಟೋದಲ್ಲಿ ಅಳುತ್ತಿರುವವನು ನಾನಲ್ಲ ಕಣೋ, ನೀನು. ಮಿಕ್ಕಿದ್ದು ಬರೆಯುವ ಮುಂಚೆ ಇದೊಂದು ಇತ್ಯರ್ಥ ಆಗಿಬಿಡಲಿ. ಮಗಳಿಗೆ ನೀನು ಉಲ್ಟಾ ಹೇಳಿದ್ದೀಯಂತೆ. ಚೌಕಳಿ ಅಂಗಿ ಹಾಕಿಕೊಂಡು, ಒಂದೇ ಕಾಲಿಗೆ ಹವಾಯಿ ಚಪ್ಪಲಿ ಮೆಟ್ಟಿಕೊಂಡು, ಕಿರುನಾಲಿಗೆ ಕಾಣುವ ಹಾಗೆ ಬಾಯಿ ತೆರೆದಿರುವ ಹುಡುಗ ನೀನೇ. ಇನ್ನೊಂದು ಚಪ್ಪಲಿ ಬಸ್ಸಿನಲ್ಲೇ ಉಳಿದಿತ್ತು, ಅದಕ್ಕೆ ನಿಮ್ಮಮ್ಮ ನನ್ನನ್ನೂ ಸೇರಿಸಿ ಬೈದಿದ್ದು ನೆನಪಿಲ್ಲವಾ? ಪಕ್ಕದಲ್ಲಿ ಸೆಟೆದು ನಿಂತಿರುವವನು ನಾನು. ಹೆದರಿಕೆ ನನಗೂ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ನಮ್ಮಪ್ಪ ಹಿಂದಿನಿಂದ ಹೆಗಲು ಹಿಡಿದುಕೊಂಡಿದ್ದರು. ಫೋಟೋದ ಅಂಚಿನಲ್ಲಿ ನಾಲ್ಕು ಬೆರಳು ಕಾಣುತ್ತವಲ್ಲ, ಅವು ಅವರದೇ. ನಮ್ಮಿಬ್ಬರ ತಲೆಯ ಮೇಲೆ ಅವನು, ಬೆಟ್ಟದ ಮಹಿಷಾಸುರ, ಕಣ್ಣುಗುಡ್ಡೆ ಹೊರಗೆ ಬಿಟ್ಟುಕೊಂಡು. ಕತ್ತಿ ಅರ್ಧಕ್ಕೆ ಕಟ್ ಆಗಿದೆ. ಆ ಫೋಟೋಗ್ರಾಫರ್‌ಗೆ ಹೆಡೆಯೆತ್ತಿದ ಹಾವು ಪೂರ್ತಿ ಬರಬೇಕು ಅನ್ನೋದಷ್ಟೇ ಮುಖ್ಯವಾಗಿತ್ತು ಅನ್ನಿಸುತ್ತೆ.

ನಿನ್ನ ಮಗಳು ಕೇಳಿದ ಪ್ರಶ್ನೆ ಮಾತ್ರ ಚೆನ್ನಾಗಿದೆ. 'ಯುದ್ಧದಲ್ಲಿ ಗೆದ್ದವಳು ಚಾಮುಂಡಿ, ಊರಿನ ಹೆಸರು ಮಾತ್ರ ಸೋತವನದು, ಯಾಕೆ?' ನೀನು 'ಅಂಕಲ್ ಮೈಸೂರಲ್ಲೇ ಇದಾನೆ, ಅವನನ್ನೇ ಕೇಳೋಣ' ಅಂತ ನನ್ನ ತಲೆಗೆ ಕಟ್ಟಿ ಕೈ ತೊಳೆದುಕೊಂಡೆ. ಐವತ್ತು ವರ್ಷ ಹತ್ತಿರ ಬಂತು, ಇದೇ ಊರಲ್ಲಿ ಹಾಲು, ಪೇಪರು, ಕರೆಂಟು ಬಿಲ್ಲು ಅಂತ ಓಡಾಡಿಕೊಂಡಿದ್ದೇನೆ. ಒಂದು ದಿನವಾದರೂ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಹೊಳೆಯಿತಲ್ಲ, ಸರಿ, ಇವತ್ತು ಬೆಳಿಗ್ಗೆ ಬೆಟ್ಟ ಹತ್ತಿಬಿಟ್ಟೆ. 201ನೇ ನಂಬರ್ ಬಸ್ಸು ಹತ್ತಿದ್ದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ಡಾಕ್ಟರ್ ನಡೀರಿ ಅಂದಿದ್ದಾರೆ ಅಂತ ಪಾದದಿಂದ ಮೆಟ್ಟಿಲು ಹಿಡಿದೆ. ಮಂಡಿ ಈಗಲೂ ಅದನ್ನೇ ಹೇಳುತ್ತಿದೆ.

ಆ ಮೆಟ್ಟಿಲು ಕಟ್ಟಿಸಿದ್ದು ದೊಡ್ಡದೇವರಾಜ ಒಡೆಯರು. ಅವರು ಆಳಿದ್ದು 1659ರಿಂದ 1673. ಆಗ ರಾಜಧಾನಿ ಮೈಸೂರಲ್ಲ, ಶ್ರೀರಂಗಪಟ್ಟಣ. 1610ರಲ್ಲಿ ರಾಜ ಒಡೆಯರು ಅದನ್ನು ಗೆದ್ದು, ದಸರೆಯನ್ನೂ ಅಲ್ಲೇ ಶುರು ಮಾಡಿದ್ದರಲ್ಲ. ಅಂದರೆ ರಾಜ ಇದ್ದದ್ದು ಕಾವೇರಿ ನಡುವಿನ ಕೋಟೆಯೊಳಗೆ, ಮನಸ್ಸು ಇದ್ದದ್ದು ಹಳೇ ಊರಿನ ಬೆಟ್ಟದ ಮೇಲೆ. ನೀನು ಪುಣೆಯಲ್ಲಿ ಕೂತುಕೊಂಡು 'ಅಲ್ಲಿ ಮೈಲಾರಿ ದೋಸೆ ಇನ್ನೂ ಹಾಗೇ ಇದೆಯೇನೋ' ಅಂತ ಕೇಳುತ್ತಿರುತ್ತೀಯಲ್ಲ, ಹಾಗೆ ಅಂದುಕೊ. ಅವರ ಕೈಯಲ್ಲಿ ಖಜಾನೆ ಇತ್ತು, ಸಾವಿರ ಮೆಟ್ಟಿಲು ಕಟ್ಟಿಸಿದರು. ನೀನು ವಾಟ್ಸಾಪ್ ಮಾಡುತ್ತೀಯ.

ನನ್ನ ಮುಂದೆ ಒಬ್ಬ ಹೆಂಗಸು ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚಿಕೊಂಡು ಹತ್ತುತ್ತಿದ್ದರು. ಎಡಗೈಯಲ್ಲಿ ಎರಡು ಪ್ಲಾಸ್ಟಿಕ್ ಬಟ್ಟಲು. ಬಲಗೈಯ ತೋರುಬೆರಳು ಹಳದಿ, ಉಂಗುರದ ಬೆರಳು ಕೆಂಪು, ಎರಡೂ ಒಂದಕ್ಕೊಂದು ತಾಗದ ಹಾಗೆ ಅಗಲಿಸಿ ಹಿಡಿದಿದ್ದರು. ಬಗ್ಗುವುದು, ಒಂದು ಗೀರು, ಒಂದು ಬೊಟ್ಟು, ಏಳುವುದು. ನಾನು ನಾಲ್ಕು ಸಲ ಕೂತು ನೀರು ಕುಡಿದು ಎದ್ದೆ. ಅಷ್ಟರಲ್ಲಿ ಅವರು ಕಾಣದಷ್ಟು ಮೇಲೆ ಹೋಗಿದ್ದರು. ಅವರ ಗುರುತು ಮೆಟ್ಟಿಲ ಮೇಲಿತ್ತು, ಹಸಿಯಾಗಿ.

ಏಳುನೂರು ಮೆಟ್ಟಿಲ ಆಸುಪಾಸಿಗೆ ನಂದಿ. ನನ್ನ ಅದೃಷ್ಟಕ್ಕೆ ಇವತ್ತೇ ಮಹಾಭಿಷೇಕ. ಬೆಟ್ಟ ಹತ್ತುವ ಹವ್ಯಾಸದವರೆಲ್ಲ ಸೇರಿ ಬಹಳ ವರ್ಷದಿಂದ ಕಾರ್ತಿಕದಲ್ಲಿ ಮಾಡಿಕೊಂಡು ಬಂದಿದ್ದಾರೆ. ಬಸವನ ಹಿಂದೆ ಅಟ್ಟಣಿಗೆ ಕಟ್ಟಿ, ಮೇಲೆ ನಾಲ್ಕೈದು ಜನ ನಿಂತು ಕೊಡ ಕೊಡ ಸುರಿಯುತ್ತಿದ್ದರು. ಹಾಲು, ಮೊಸರು, ತುಪ್ಪ, ಜೇನು, ಕಬ್ಬಿನ ಹಾಲು, ಎಳನೀರು. ಹಾಲು ಬಿದ್ದಾಗ ಅದು ಮೊದಲು ನೆತ್ತಿಯಿಂದ ಸರ್ರನೆ ಇಳಿದು, ಕೊರಳ ಗಂಟೆಸರದ ಹತ್ತಿರ ತಡೆಯುತ್ತೆ. ಕಲ್ಲಲ್ಲಿ ಕೆತ್ತಿದ ಒಂದೊಂದು ಗಂಟೆಯ ಸುತ್ತಲಿನ ಹಳ್ಳ ತುಂಬಿಕೊಳ್ಳುತ್ತೆ, ಒಂದು ಗಳಿಗೆ ಎಲ್ಲ ಗಂಟೆಗೂ ಬಿಳಿ ಅಂಚು ಕಟ್ಟಿದ ಹಾಗೆ ಕಾಣುತ್ತೆ. ಆಮೇಲೆ ಎಲ್ಲ ಒಟ್ಟಿಗೆ ತುಳುಕಿ ಎದೆಗಿಳಿಯುತ್ತೆ. ಅರಿಶಿನ ಸುರಿದಾಗ ಇಡೀ ಬಸವ ಹಳದಿ, ಕುಂಕುಮಕ್ಕೆ ಕೆಂಪು. ನೀರು ಹೊಯ್ದು ತೊಳೆದರೂ ಕಿವಿಯ ಸಂದಿಯಲ್ಲಿ, ಹಾರದ ಮಡಿಕೆಯಲ್ಲಿ ಹಳದಿ ಕೆಂಪು ಉಳಿದುಬಿಡುತ್ತೆ. ಮನೆ ಮಕ್ಕಳಿಗೆ ಎಣ್ಣೆ ನೀರು ಹಾಕಿದರೆ ಕಿವಿ ಹಿಂದೆ ಸೀಗೆಪುಡಿ ಉಳಿಯುತ್ತಲ್ಲ, ಹಾಗೆ.

ಈ ನಂದಿ ಕಪ್ಪುಕಲ್ಲಿನದು ಅಂತ ನಾವು ಅಂದುಕೊಂಡಿದ್ದೆವು, ನೆನಪಿದೆಯಾ? ಕಪ್ಪು ಕಲ್ಲಿನದಲ್ಲ, ಎಣ್ಣೆ ಮತ್ತು ದೀಪದ ಮಸಿಯದು, ತಲೆತಲಾಂತರ ಬಳಿದದ್ದು. ಒಳಗಿರೋದು ಬೆಟ್ಟದ್ದೇ ಕಲ್ಲು. ಬೇರೆ ಕಡೆಯಿಂದ ತಂದು ಕೂರಿಸಿದ್ದಲ್ಲ. ಸುಮಾರು 16 ಅಡಿ ಎತ್ತರ, 25 ಅಡಿ ಉದ್ದ, ಇದ್ದ ಬಂಡೆಯನ್ನೇ ಇದ್ದಲ್ಲೇ ಕಡೆದದ್ದು. ಮೆಟ್ಟಿಲು ಕಟ್ಟಿಸಿದ ದೊಡ್ಡದೇವರಾಜ ಒಡೆಯರದೇ ಈ ಕೆಲಸವೂ. ಭೂವಿಜ್ಞಾನದವರು ಇಲ್ಲಿಯ ಕಲ್ಲಿಗೆ ಚಾಮುಂಡಿ ಗ್ರಾನೈಟ್ ಅಂತಲೇ ಹೆಸರಿಟ್ಟಿದ್ದಾರೆ. ವಯಸ್ಸು ಸುಮಾರು 80 ಕೋಟಿ ವರ್ಷ. ಇಷ್ಟಾದರೂ ನಮ್ಮ ಸೀಮೆಯ ಬಂಡೆಗಳ ಪೈಕಿ ಇದು ಎಳೇಕೂಸು, ಸುತ್ತಲಿನ ಬಯಲಿನ ಕಲ್ಲು 250 ಕೋಟಿ ವರ್ಷ ದಾಟಿದ್ದು.

ನಮ್ಮ ಮನೆ ಹಿಂದಿನ ರಸ್ತೆಯಲ್ಲಿ ವಿಗ್ರಹ ಕೆತ್ತುವವರೊಬ್ಬರಿದ್ದಾರೆ, ತಗಡಿನ ಶೆಡ್ಡು, ಹೊರಗೆ ಅರ್ಧ ಮೂಡಿದ ಗಣಪತಿಗಳು. ಹೋದ ವಾರ ಅವರ ಹತ್ತಿರ ಕೂತು ಕೇಳಿದೆ. ಅವರು ಕೆಲಸ ಮಾಡೋದು ಹೆಚ್ಚಾಗಿ ಕೃಷ್ಣಶಿಲೆಯಲ್ಲಿ. ನಮ್ಮ ಜಯಪುರ ಹೋಬಳಿ ಕಡೆ, ಎಚ್.ಡಿ. ಕೋಟೆ ಕಡೆ ಸಿಗುತ್ತಲ್ಲ, ಆ ನೀಲಿಗಪ್ಪು ಕಲ್ಲು. ಅಯೋಧ್ಯೆಯ ಬಾಲರಾಮನಿಗೆ ಹೋದದ್ದೂ ಅದೇ ಕಲ್ಲು, ಕೆತ್ತಿದ್ದೂ ನಮ್ಮೂರಿನ ಅರುಣ್ ಯೋಗಿರಾಜ್. 'ಅದು ಬೆಣ್ಣೆ ಸಾರ್, ಹೇಳಿದ ಮಾತು ಕೇಳತ್ತೆ. ಬೆಟ್ಟದ ಕಲ್ಲು ಹಂಗಲ್ಲ, ಅದು ಚಾಣಾನೇ ತಿನ್ನತ್ತೆ' ಅಂದರು. ಅಂದರೆ ದಿನಕ್ಕೆ ಎಷ್ಟೋ ಸಲ ಉಳಿಯ ಬಾಯಿ ಮೊಂಡಾಗುತ್ತೆ, ಕುಲುಮೆಗೆ ಹಾಕಿ ಬಡಿದು ಮತ್ತೆ ಹರಿತ ಮಾಡಬೇಕು. ಆ ಕಾಲದಲ್ಲಿ ಬೆಟ್ಟದ ಮೇಲೆ ಕಡೆಯುವವರಷ್ಟೇ ಅಲ್ಲ, ಕುಲುಮೆಯವರೂ ಇದ್ದಿರಲೇಬೇಕು ಅಂತ ಅವರ ಲೆಕ್ಕ. ಕೆಲಸ ಮೇಲಿಂದ ಕೆಳಕ್ಕೆ. ಮೊದಲು ಸುತ್ತಿಗೆಯಿಂದ ಬಂಡೆಯ ಮೈಯೆಲ್ಲ ತಟ್ಟಿ ಕೇಳುತ್ತಾರಂತೆ. ಗಟ್ಟಿ ಇದ್ದ ಕಡೆ ಕಣಕಣ ಅನ್ನತ್ತೆ, ಒಳಗೆ ಬಿರುಕಿದ್ದರೆ ಬೊದ್ದು ದನಿ. ಬೇಡದ ಭಾಗಕ್ಕೆ ಸಾಲಾಗಿ ತೂತು ಹೊಡೆದು, ಬೆಣೆ ಇಟ್ಟು, ಒಂದೊಂದಕ್ಕೂ ಒಂದೊಂದು ಏಟು ಕೊಡುತ್ತಾ ಬಂದರೆ ಕಲ್ಲು ತಾನೇ ಸಿಗಿಯುತ್ತೆ. 'ಒಂದೇ ಬೆಣೆಗೆ ಜೋರಾಗಿ ಬಡಿದ್ರೆ ಕಲ್ಲು ನಮ್ ಮಾತು ಕೇಳಲ್ಲ, ತನ್ ಇಷ್ಟಕ್ಕೆ ಒಡೀತದೆ' ಅಂದರು. ಅದನ್ನು ಹೇಳುವಾಗ ಅವರ ಮಗ ಮೊಬೈಲ್ ನೋಡುತ್ತಾ ಕೂತಿದ್ದ. ಮಾತು ಅವನಿಗೆ ಹೇಳಿದ್ದೋ ನನಗೋ ಗೊತ್ತಾಗಲಿಲ್ಲ.

2021ರ ಅಕ್ಟೋಬರಿನ ಮಳೆಗೆ ನಂದಿ ಕಡೆಯ ರಸ್ತೆಯ ಬದಿ ಕುಸಿದು ಕೆಳಗೆ ಹೋಯಿತಲ್ಲ, ಅದರ ಫೋಟೋ ಆಗ ನಿನಗೂ ಕಳಿಸಿದ್ದೆ. ಡಾಂಬರು, ತಡೆಗೋಡೆ ಎಲ್ಲ ಜಾರಿ ಹೋಗಿತ್ತು. ನಾವು ಕೂರಿಸಿದ್ದು ಜಾರುತ್ತೆ. ನಂದಿ ಜಾರೋಕೆ ಅದನ್ನು ಯಾರೂ ಅಲ್ಲಿ ಕೂರಿಸೇ ಇಲ್ಲ.

ಇರಲಿ, ನಿನ್ನ ಮಗಳು ಕೇಳಿದ್ದು ಎತ್ತಿನ ವಿಷಯ ಅಲ್ಲ, ಕೋಣನದು.

ಮೇಲೆ ಹೋದೆ. ನೀನು ಬಿಟ್ಟು ಹೋದ ಮೇಲೆ ಬೆಟ್ಟದ ತುದಿ ಬಹಳ ಬದಲಾಗಿದೆ. ವಾಹನ ನಿಲ್ಲಿಸೋಕೆ ಮಹಡಿ ಮೇಲೆ ಮಹಡಿ, ಅಂಗಡಿಗಳ ಸಾಲು. ಬದಲಾಗದೆ ಇರುವವನು ಅವನೊಬ್ಬನೇ. ಬಲಗೈಯಲ್ಲಿ ಕತ್ತಿ, ಎಡಗೈಯಲ್ಲಿ ಹೆಡೆ ಬಿಚ್ಚಿದ ನಾಗರ, ಕಿವಿಯವರೆಗೆ ಹೋದ ಮೀಸೆ, ಉಬ್ಬಿದ ಕಣ್ಣು, ಮೈತುಂಬ ಬಣ್ಣ. ನಮ್ಮಜ್ಜಿ ಅವನಿಗೆ ಮಹಿಷಾಸುರ ಅನ್ನುತ್ತಲೇ ಇರಲಿಲ್ಲ. 'ಮೀಸೆಯಪ್ಪ' ಅನ್ನುತ್ತಿದ್ದರು. 'ಊಟ ಮಾಡ್ದೆ ಹೋದ್ರೆ ಬೆಟ್ಟದ ಮೀಸೆಯಪ್ಪನ್ನ ಕರೀತೀನಿ' ಅಂತ. ನಾಟಕದ ಕಂಪನಿಯ ಪರದೆ ಹಿಂದಿನಿಂದ ಈಗ ತಾನೆ ಎದ್ದು ಬಂದು 'ಎಲವೋ' ಅನ್ನುವ ಹಾಗೆ ನಿಂತಿದ್ದಾನೆ. ನಂದಿಯನ್ನು ಕಂಡರೆ ಕಲ್ಲು ಕಡೆದವರು ನೆನಪಾಗುತ್ತಾರೆ, ಇವನನ್ನು ಕಂಡರೆ ಬಣ್ಣ ಬಳಿದವರು. ಆ ಹುಬ್ಬಿನ ಗೀಟು ಒಂದೇ ಉಸಿರಿಗೆ ಎಳೆದದ್ದು, ಬೋರ್ಡು ಬರೆಯುವವರ ಕೈ. ಶಿಲ್ಪಶಾಸ್ತ್ರದವರು ಇವನನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಬೇಲೂರು ಹಳೇಬೀಡು ನೋಡಿ ಬಂದವರು ಮೂಗು ಮುರಿಯುತ್ತಾರೆ. ಮುರಿಯಲಿ ಬಿಡು. ಬೇಲೂರಿನ ಮದನಿಕೆಯ ಮುಂದೆ ನಿಂತು ಯಾವ ಮಗುವಾದರೂ ಅತ್ತಿದ್ದುಂಟಾ?

ಅಲ್ಲೇ ಕಟ್ಟೆಯ ಮೇಲೆ ಮಾವಿನಕಾಯಿ ಹೋಳು ಕೊಂಡು ಕೂತೆ. ಉಪ್ಪು ಖಾರ ಹಚ್ಚಿದ್ದು, ಪೇಪರಿನಲ್ಲಿ. ಒಂದು ಗಂಟೆ ಸುಮ್ಮನೆ ನೋಡಿದೆ. ಬಂದವರೆಲ್ಲ ಮಾಡುವುದು ಒಂದೇ. ಮೊದಲು ತಲೆ ಎತ್ತಿ ನೋಡುತ್ತಾರೆ, ಆಮೇಲೆ ಅವನಿಗೆ ಬೆನ್ನು ಹಾಕಿ ನಿಲ್ಲುತ್ತಾರೆ. ಗಂಡಸರು ಬಲಗೈ ಎತ್ತಿ ಇಲ್ಲದ ಕತ್ತಿ ಹಿಡಿಯುತ್ತಾರೆ. ಎಡಗೈಯ ಅಂಗೈ ಬಗ್ಗಿಸಿ ಹೆಡೆ ಮಾಡುತ್ತಾರೆ. ಮೀಸೆ ಇದ್ದವರು ಮೀಸೆ ತಿರುವುತ್ತಾರೆ. ಹೊಸದಾಗಿ ಮದುವೆಯಾದ ಒಬ್ಬ ಹುಡುಗ ಹೀಗೆ ನಿಂತಾಗ ಅವನ ಹೆಂಡತಿ ಫೋನು ಹಿಡಿದುಕೊಂಡು, 'ಸ್ವಲ್ಪ ಪಕ್ಕಕ್ಕೆ ಬನ್ನಿ, ಯಾರು ಅಂತ ಗೊತ್ತಾಗ್ತಿಲ್ಲ' ಅಂದಳು. ಎಲ್ಲರಿಗೂ ನಮ್ಮ ಫೋಟೋಗ್ರಾಫರನದೇ ಕಷ್ಟ: ಆಳು ಬಂದರೆ ಕತ್ತಿ ಬರಲ್ಲ, ಕತ್ತಿ ಬಂದರೆ ಆಳು ಇರುವೆ ಆಗುತ್ತಾನೆ. ಒಂದು ಚಿಕ್ಕ ಹುಡುಗಿ ಮಾತ್ರ ಬೆನ್ನು ಹಾಕಲೇ ಇಲ್ಲ. ನಿನ್ನ ಹಾಗೆ ಅಳಲೂ ಇಲ್ಲ. ಬಹಳ ಹೊತ್ತು ನೋಡಿ, 'ಅಪ್ಪಾ, ಆ ಹಾವು ಅವನಿಗೇ ಕಚ್ಚಲ್ವಾ?' ಅಂದಳು. ಅಪ್ಪನಿಗೆ ಉತ್ತರ ಗೊತ್ತಿರಲಿಲ್ಲ, ಐಸ್‌ಕ್ರೀಂ ಕೊಡಿಸಿದ.

ಅಲ್ಲಿ ಕೂತಾಗಲೇ ನನಗೆ ಒಂದು ಕಂಡಿತು. ಎಂಥ ದಡ್ಡ ನಾನು, ಇಷ್ಟು ವರ್ಷ ಕಣ್ಣ ಮುಂದೆ ಇದ್ದದ್ದು.

ಅವನು ಒಬ್ಬನೇ ನಿಂತಿದ್ದಾನೆ ಕಣೋ.

ನಮ್ಮ ಮನೆಯ ಗೊಂಬೆ ಹಬ್ಬ ನೆನಪು ಮಾಡಿಕೊ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆ, ಕೆಳಗೆ ಚಾಮುಂಡಿ. ಅವಳ ಕಾಲ ಕೆಳಗೆ ಇವನು, ಅಂಗಾತ, ತ್ರಿಶೂಲ ಎದೆಯಲ್ಲಿ. ಕ್ಯಾಲೆಂಡರಿನಲ್ಲಿ ಹಾಗೇ. ಹೊಯ್ಸಳರ ಮಹಿಷಮರ್ದಿನಿಯರಲ್ಲಿ ಕತ್ತು ಕಡಿದ ಕೋಣ, ಆ ಕತ್ತಿನಿಂದ ಅರ್ಧ ಮೇಲೆದ್ದ ಮನುಷ್ಯ, ಅವನ ಜುಟ್ಟು ಅವಳ ಕೈಯಲ್ಲಿ. ನಾನು ಕಂಡ ಕಡೆಯಲ್ಲೆಲ್ಲ ಅವನು ಸಾಯುತ್ತಲೇ ಇರುತ್ತಾನೆ. ಈ ಒಂದು ಜಾಗದಲ್ಲಿ, ಅವಳ ಸ್ವಂತ ಬೆಟ್ಟದ ಮೇಲೆ, ಅವಳ ಗುಡಿಗೆ ಹೋಗುವ ದಾರಿಯಲ್ಲಿ, ಅವನು ಎರಡು ಕಾಲ ಮೇಲೆ ನೆಟ್ಟಗೆ ನಿಂತಿದ್ದಾನೆ. ಯುದ್ಧ ಇನ್ನೂ ಶುರುವೇ ಆಗಿಲ್ಲ ಅನ್ನೋ ಹಾಗೆ. ಅಷ್ಟೇಕೆ, ಒಳಗೆ ಗುಡಿಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಪ್ರತಿಮೆ ಇದೆಯಲ್ಲ, ಪಕ್ಕದಲ್ಲಿ ರಾಣಿಯರು. 1827ರಲ್ಲಿ ಗೋಪುರ ಕಟ್ಟಿಸಿದ ದೊರೆ, ಕೈ ಮುಗಿದುಕೊಂಡು ನಿಂತಿದ್ದಾರೆ. ಕೆಳಗೆ ನಂದಿ ಮಂಡಿ ಮಡಿಸಿ ಕೂತಿದೆ. ಇಡೀ ಬೆಟ್ಟದಲ್ಲಿ ಕೈ ಮುಗಿಯದೆ ತಲೆ ಎತ್ತಿಕೊಂಡಿರುವವನು ಇವನೊಬ್ಬನೇ.

ಈಗ ಹೆಸರಿಗೆ ಬರೋಣ, ನಿನ್ನ ಮಗಳಿಗೆ ಬೇಕಾದ್ದು ಅದು. ಮಹಿಷನ ಊರು ಮಹಿಷೂರು, ಅದು ಮೈಸೂರು. ಇಷ್ಟು ನಮ್ಮ ಮೇಷ್ಟ್ರು ಹೇಳಿದ್ದರು. ಆದರೆ ಕಥೆ ಇನ್ನೂ ಹಿಂದಕ್ಕೆ ಹೋಗುತ್ತೆ. ಅಶೋಕನ ಕಾಲದಲ್ಲಿ ಮಹಾದೇವ ಅನ್ನೋ ಬೌದ್ಧ ಭಿಕ್ಷುವನ್ನು ಮಹಿಷಮಂಡಲಕ್ಕೆ ಕಳಿಸಿದರು ಅಂತ ಸಿಂಹಳದ ಮಹಾವಂಶದಲ್ಲಿದೆ. ಅದು ನಮ್ಮ ನಾಡೇ ಅನ್ನುವವರಿದ್ದಾರೆ, ಅಲ್ಲ ನರ್ಮದೆ ದಡದ ಮಾಹಿಷ್ಮತಿಯ ಕಡೆ ಅನ್ನುವವರೂ ಇದ್ದಾರೆ. ಹಳೇ ತಮಿಳು ಪದ್ಯಗಳಲ್ಲಿ 'ಎರುಮೈ' ಅನ್ನೋ ಹೆಸರಿನ ಊರು ಬರುತ್ತೆ, ಎರುಮೈ ಅಂದರೆ ನಮ್ಮ ಎಮ್ಮೆಯೇ. ನನಗೆ ಅನ್ನಿಸೋದು, ಮೊದಲು ಇದು ಬರೀ ಎಮ್ಮೆ ಸಾಕುವವರ ಸೀಮೆ ಆಗಿತ್ತು. ಪುರಾಣ ಆಮೇಲೆ ಬೆಟ್ಟ ಹತ್ತಿತು. ಬೆಟ್ಟಕ್ಕೇ ಮೊದಲು ಇದ್ದ ಹೆಸರು ಮಹಾಬಲಾದ್ರಿ. ಚಾಮುಂಡಿ ಗುಡಿಯ ಪಕ್ಕದಲ್ಲೇ ಇರುವ ಮಹಾಬಲೇಶ್ವರನ ಗುಡಿ ಅವಳ ಗುಡಿಗಿಂತ ಹಳೆಯದು. ಅಲ್ಲಿ ಇವತ್ತೂ ಜನ ಇರಲಿಲ್ಲ, ಒಳಗೆ ತಣ್ಣಗಿತ್ತು. ಬೆಟ್ಟದ ಹೆಸರನ್ನು ದೇವಿ ತೆಗೆದುಕೊಂಡಳು, ಊರಿನ ಹೆಸರನ್ನು ಅವನು ಉಳಿಸಿಕೊಂಡ. 1973ರ ನವೆಂಬರ್ 1ರ ತನಕ ಇಡೀ ರಾಜ್ಯವೇ ಅವನ ಹೆಸರಿನಲ್ಲಿತ್ತು, ಯೋಚನೆ ಮಾಡು. 2014ರ ನವೆಂಬರ್ 1ಕ್ಕೆ ಇಂಗ್ಲಿಷಿನಲ್ಲೂ ಮೈಸೂರು ಅಂತಲೇ ಬರೆಯಬೇಕು ಅಂತಾಯಿತು. ಬ್ರಿಟಿಷರು ಕೆಡಿಸಿದ್ದ ಉಚ್ಚಾರ ನೆಟ್ಟಗಾಯಿತು, ಒಳಗಿದ್ದ ಮಹಿಷ ಹಾಗೇ ಇದ್ದಾನೆ.

ಅಜ್ಜಿಯ ಹತ್ತಿರ ಬೇರೆ ಕಥೆ ಇತ್ತು. ಅವರು ಹೇಳುತ್ತಿದ್ದದ್ದು ಕಂಸಾಳೆಯವರು, ನೀಲಗಾರರು ಹಾಡುವ ಚಾಮುಂಡಿಯನ್ನು. ಆ ಚಾಮುಂಡಿ ನಂಜನಗೂಡಿನ ನಂಜುಂಡನಿಗೆ ಮನಸೋತವಳು, ಸವತಿಯ ಜೊತೆ ಜಗಳ ಆಡುವವಳು. ಅವಳಿಗೆ ಯುದ್ಧದಲ್ಲಿ ಕೈ ಸೋತಿತು. ರಕ್ಕಸನ ರಕ್ತ ತೊಟ್ಟು ನೆಲಕ್ಕೆ ಬಿದ್ದಲ್ಲೆಲ್ಲ ಮತ್ತೊಬ್ಬ ರಕ್ಕಸ ಏಳುತ್ತಿದ್ದ. ಆಗ ಬೆವರು ಒರೆಸಿದಳು, ಆ ಬೆವರಿನಿಂದ ತಂಗಿ ಎದ್ದಳು, ಉತ್ತನಹಳ್ಳಿಯ ಉರಿಮಾರಿ. ತಂಗಿ ನಾಲಿಗೆಯನ್ನು ನೆಲದ ತುಂಬ ಹಾಸಿದಳು, ಒಂದು ತೊಟ್ಟು ಕೆಳಗೆ ಬೀಳಲಿಲ್ಲ. ಅಜ್ಜಿ ಇದನ್ನು ಹೇಳುವಾಗ ತಮ್ಮ ನಾಲಿಗೆ ಚಾಚಿ ತೋರಿಸುತ್ತಿದ್ದರು, ಎಲೆ ಅಡಿಕೆಗೆ ಕೆಂಪಾಗಿರುತ್ತಿತ್ತು, ನಮಗೆ ನಂಬಿಕೆ ಬರೋಕೆ ಅಷ್ಟು ಸಾಕಿತ್ತು. ಕಡೆಗೆ ಅವರದೇ ಒಂದು ಬಾಲ ಇರುತ್ತಿತ್ತು: 'ಸಾಯೋವಾಗ ಅವ್ನು ಅಂದ, ತಾಯಿ, ನಿನ್ ಕೈಲಿ ಸತ್ತೆ, ಬೇಜಾರಿಲ್ಲ. ನನ್ನೂರು ಏನಂತ ಕರೀತಾರೆ? ಅವ್ಳು ಅಂದ್ಲು, ನಿನ್ ಹೆಸ್ರಲ್ಲೇ ಕರೀತಾರೆ ಹೋಗಪ್ಪ. ಹೋಗಪ್ಪ ಅಂದ್ಲು ಕಣ್ರಲಾ, ಹೋಗೋ ಅನ್ನಲಿಲ್ಲ.' ಪುರಾಣದಲ್ಲಿ ಹೀಗಿದೆಯೇ ಅಂತ ನಿನ್ನ ಮಗಳು ಗೂಗಲ್ ಮಾಡಬಾರದು ಅಂತ ಹೇಳು. ಇದು ನಮ್ಮಜ್ಜಿಯ ಪುರಾಣ.

ಇನ್ನೊಂದು ವಿಷಯ ಬಿಡುವ ಹಾಗಿಲ್ಲ. ನೀನು ಹೋದ ಮೇಲೆ ಶುರುವಾದದ್ದು. ದಸರಾ ಮುಂಚೆ ಕೆಲವರು ಮೆರವಣಿಗೆಯಲ್ಲಿ ಬಂದು ಇವನಿಗೆ ಹಾರ ಹಾಕಿ ಮಹಿಷ ದಸರಾ ಅಂತ ಮಾಡತೊಡಗಿದರು. ಮಹಿಷ ರಾಕ್ಷಸನಲ್ಲ, ಈ ನಾಡನ್ನು ಆಳಿದ ಬೌದ್ಧ ದೊರೆ, ಪುರೋಹಿತರು ಅವನನ್ನು ರಾಕ್ಷಸ ಮಾಡಿದರು ಅನ್ನೋದು ಅವರ ವಾದ. ಇನ್ನು ಕೆಲವರು ಇದು ದೇವಿಗೆ ಅವಮಾನ ಅಂತ ಎದ್ದು ನಿಲ್ಲುತ್ತಾರೆ. 2019ರಲ್ಲಿ ಗಲಾಟೆ ಜೋರಾಯಿತು, 2023ರಲ್ಲಿ ಬೆಟ್ಟದಲ್ಲಿ ನಿಷೇಧಾಜ್ಞೆ ಹಾಕಿ, ಕಾರ್ಯಕ್ರಮವನ್ನು ಕೆಳಗೆ ಪುರಭವನದಲ್ಲಿ ಮಾಡಿದರು. ನನ್ನ ಅಭಿಪ್ರಾಯ ನೀನು ಕೇಳೇ ಕೇಳುತ್ತೀಯ. ದೊರೆ ಆಗಿದ್ದ ಅನ್ನೋಕೆ ನನ್ನ ಕೈಗೆ ಶಾಸನ ಸಿಕ್ಕಿಲ್ಲ, ರಾಕ್ಷಸ ಆಗಿದ್ದ ಅನ್ನೋಕೂ ಸಿಕ್ಕಿಲ್ಲ. ಹಾರ ಹಾಕಿದರೆ ಅವಳಿಗೆ ಕೋಪ ಬರುತ್ತೆ ಅನ್ನೋದನ್ನು ಮಾತ್ರ ನಾನು ಒಪ್ಪಲ್ಲ. ಕೋಪ ಬರುವವಳಾಗಿದ್ದರೆ ಅವನನ್ನು ಅಲ್ಲಿ ನಿಲ್ಲೋಕೇ ಬಿಡುತ್ತಿರಲಿಲ್ಲ. ಹೊಟ್ಟೆಪಾಡಿನ ಲೆಕ್ಕ ನೋಡಿದರೂ ಅಷ್ಟೇ. ಚುರುಮುರಿಯವನು, ಟೋಪಿ ಮಾರುವವನು, ಫೋಟೋದವನು, ಸೌತೆಕಾಯಿಯ ಅಮ್ಮ, ಇವರೆಲ್ಲ ಅವನ ನೆರಳಲ್ಲೇ ಇರುವವರು. ಮಾವಿನಕಾಯಿ ಕೊಟ್ಟ ಹೆಂಗಸನ್ನು 'ಇವನಿಗೆ ಕೈ ಮುಗೀತೀರಾ?' ಅಂತ ಕೇಳಿದೆ. 'ಕೈ ಮುಗಿಯಾಕೆ ಅವ್ನೇನ್ ದೇವ್ರಾ? ಬೆಳಗ್ಗೆ ಬಂದಾಗ ಒಂದ್ ಸಲ ಮಕ ನೋಡ್ಕತೀನಿ' ಅಂದರು.

ನಿನ್ನ ಮಗಳಿಗೆ ನಾನು ಕೊಡುವ ಉತ್ತರ ಇಷ್ಟೇ: ಗೆದ್ದವರಿಗೆ ಗುಡಿ ಇದೆ, ಅಂಬಾರಿ ಇದೆ, ಆನೆ ಇದೆ, ಹತ್ತು ದಿನದ ಹಬ್ಬ ಇದೆ. ಆದರೆ ಅಂಚೆಯವನು ಕಾಗದ ತರೋದು ಸೋತವನ ಹೆಸರು ಹೇಳಿಕೊಂಡೇ. ಇದು ಉತ್ತರ ಹೌದೋ ಅಲ್ಲವೋ ಅವಳೇ ಹೇಳಲಿ. ಒಪ್ಪದಿದ್ದರೆ ಅಜ್ಜಿಯ ಉತ್ತರ ಕೊಡು, ನಾಲಿಗೆ ಚಾಚೋದು ಮರೆಯಬೇಡ.

ಇಳಿಯುವಾಗ ಬಸ್ಸಿನಲ್ಲೇ ಬಂದೆ. ಕಿಟಕಿ ಪಕ್ಕ ಸೀಟು ಸಿಕ್ಕಿತು. ಮೊದಲ ತಿರುವಿನಲ್ಲಿ ರೇಸ್ ಕೋರ್ಸು, ಕಾರಂಜಿಕೆರೆ, ಲಲಿತಮಹಲ್ ಎಲ್ಲ ಒಂದೊಂದಾಗಿ ಕಂಡವು. ಊರು ಎಷ್ಟು ದೂರಕ್ಕೆ ಹೋಗಿದೆ ಅಂದರೆ ನಮ್ಮ ಹಳೇ ಮನೆ ಯಾವ ಕಡೆ ಅಂತ ಹುಡುಕುವಷ್ಟರಲ್ಲಿ ಇನ್ನೊಂದು ತಿರುವು ಬಂತು. ಪಕ್ಕದಲ್ಲಿ ಕೂತಿದ್ದವರ ಸೀರೆ ಸೆರಗಿನ ತುದಿ ಕೆಂಪು ಹಳದಿ ಆಗಿತ್ತು. ಅದೇ ಹೆಂಗಸು. ಬೆರಳುಗಳನ್ನು ಈಗಲೂ ಅಗಲಿಸಿಯೇ ಹಿಡಿದಿದ್ದರು. 'ಅಷ್ಟೂ ಮೆಟ್ಟಿಲಿಗೆ ಹಚ್ಚಿದ್ರಾ?' ಅಂದೆ. 'ಹ್ಞೂಂ, ಕಡೇಗೆ ಕುಂಕುಮ ಸಾಲದೆ ಬಂತು, ಇಪ್ಪತ್ತು ಮೆಟ್ಲಿಗೆ ಬರೀ ಅರಿಶಿನ' ಅಂದರು, ತಪ್ಪು ಮಾಡಿದವರ ಹಾಗೆ.

ಇನ್ನು ನಿನಗೊಂದು ಕೆಲಸ. ಆ ಫೋಟೋದ ಒಂದು ಪ್ರತಿ ಮಾತ್ರ ತೆಗೆಸಿದ್ದು, ದುಡ್ಡು ಕೊಟ್ಟದ್ದು ನಮ್ಮಪ್ಪ, ಅದು ನಿಮ್ಮ ಮನೆ ಸೇರಿದ್ದು ಹೇಗೆ ಅನ್ನೋ ವಿಚಾರ ಇನ್ನೊಂದು ಸಲ ಮಾತಾಡೋಣ. ಈಗ ಅದರ ಹಿಂಬದಿ ನೋಡು. ಅಪ್ಪ ಎಲ್ಲ ಫೋಟೋ ಹಿಂದೆಯೂ ಪೆನ್ಸಿಲಿನಲ್ಲಿ ತಾರೀಕು ಬರೆದು, ಕೆಳಗೆ ಖರ್ಚು ಬರೆಯುತ್ತಿದ್ದರು. ಬಸ್ ಚಾರ್ಜು ಎಷ್ಟು, ಫೋಟೋಗೆ ಎಷ್ಟು, ಹಣ್ಣುಕಾಯಿಗೆ ಎಷ್ಟು. ಅಳಿಸಿ ಹೋಗಿದ್ದರೆ ಬೆಳಕಿಗೆ ಓರೆ ಹಿಡಿದು ನೋಡು, ಗೀರು ಕಾಣುತ್ತೆ. ಓದೋಕಾದರೆ ಹಾಗೇ ಫೋಟೋ ತೆಗೆದು ಕಳಿಸು. ನಿನ್ನ ಹೊಸ ಚಪ್ಪಲಿಗೆ ಎಷ್ಟಾಯಿತು ಅನ್ನೋದೂ ಅಲ್ಲೇ ಇರಬೇಕು.

ನಿನ್ನ,
ಅಳದೆ ನಿಂತವನು